ಹತ್ತನೆಯ ವಿಕೆಟ್ಟು ಮತ್ತು ನಮ್ಮ ಭಾವ

ಒಂದು ಇನಿಂಗ್ಸಿನ ಹತ್ತೂ ವಿಕೆಟ್ಟುಗಳನ್ನು ಒಬ್ಬನೇ ಬೌಲರ್ ಕೀಳುವುದು ಎಂದರೇನು ಅಂತ ಕ್ರಿಕೆಟ್ ಆಡದವರಿಗೆ ಹೇಳಿ ಪ್ರಯೋಜನವಿಲ್ಲ. ಬದುಕಿಡೀ ಚೆಂಡು ಹಾಕಿ ಹೆಸರು ಮಾಡಿದವರಿಗೇ ಅದು ದಕ್ಕುವುದಿಲ್ಲ. ನಾವು ಚೆನ್ನಾಗಿ ಹಾಕಿದರಷ್ಟೇ ಸಾಲದು, ಇನ್ನೊಂದು ಕಡೆಯಿಂದ ಹಾಕುವ ನಮ್ಮವನಿಗೆ ಒಂದೂ ಬೀಳಬಾರದು. ಇನ್ನು ಯಲಹಂಕದ ನಮ್ಮಂಥ ಭಾನುವಾರದ ಆಟಗಾರರು, ಸೋಮವಾರ ಸೊಂಟಕ್ಕೆ ಮುಲಾಮು ಹಚ್ಚಿಕೊಂಡು ಆಫೀಸಿಗೆ ಹೋಗುವವರು, ಅದರ ಕನಸನ್ನೂ ಕಾಣುವುದಿಲ್ಲ.

ನನಗೆ ಒಂಬತ್ತು ಬಿದ್ದಿದ್ದವು.

ಚಿಕ್ಕಬಾಣಾವರದ ಆಚೆ, ಮನೆ ಏಳದ ಸೈಟುಗಳ ನಡುವಿನ ಮೈದಾನ. ಎದುರಾಳಿ ನನ್ನ ಅಕ್ಕನ ಗಂಡನ ಲೇಔಟಿನ ತಂಡ. ನಮ್ಮ ಈ ಪಂದ್ಯಗಳಿಗೆ ಅಂಪೈರ್ ಅಂತ ಬೇರೆ ಯಾರೂ ಇರುವುದಿಲ್ಲ. ಬ್ಯಾಟಿಂಗ್ ತಂಡದಲ್ಲಿ ಔಟಾಗಿ ಕೂತವರೇ ಸರದಿಯ ಮೇಲೆ ಬಂದು ನಿಲ್ಲಬೇಕು. ಆ ಹೊತ್ತಿಗೆ ನಿಂತಿದ್ದವರು ಭಾವ.

ನನ್ನ ಓವರಿನ ಕೊನೆಯ ಚೆಂಡು ಹನ್ನೊಂದನೆಯವನ ಬ್ಯಾಟಿಗೆ ಟಕ್ ಎಂದು ತಾಗಿತು. ಕೀಪರ್ ಹಿಡಿದ. ಬೌಂಡರಿಯಾಚೆ ದನ ಮೇಯಿಸುತ್ತಿದ್ದವನೂ ತಿರುಗಿ ನೋಡಿದ. ಬ್ಯಾಟ್ಸ್‌ಮನ್ ಆಗಲೇ ಗ್ಲೋವ್ಸ್ ಬಿಚ್ಚತೊಡಗಿದ್ದ.

"ಎಲ್ಲಿಗೆ ಹೋಗ್ತೀಯಾ? ನಿಂತ್ಕೊಳೋ, ನಾಟೌಟು" ಎಂದರು ಭಾವ.

"ಭಾವ, ಏನ್ ಹೇಳ್ತಿದೀರಾ? ಎಡ್ಜ್ ಕೇಳಿಸ್ಲಿಲ್ವಾ?"

"ಕೇಳಿಸ್ಲಿಲ್ಲ ಕಣೋ. ಓವರ್ ಆಯ್ತು, ಹೋಗು."

ಬೇರೆ ಯಾರಾದರೂ ಆಗಿದ್ದರೆ ನನ್ನ ಬಾಯಲ್ಲಿ ಏನು ಬರುತ್ತಿತ್ತೋ ನನಗೇ ಗೊತ್ತು. ಆದರೆ ಅವರು ಮನೆ ಅಳಿಯ. ಅಪ್ಪ ಕಾಲು ತೊಳೆದು ಮಗಳನ್ನು ಕೊಟ್ಟ ಮನುಷ್ಯನನ್ನು ಪಿಚ್ಚಿನ ನಡುವೆ ನಿಂತು ಬೈಯುವುದು ಹೇಗೆ? ನುಂಗಿಕೊಂಡೆ. ಮುಂದಿನ ಓವರಿನಲ್ಲಿ ಅದೇ ಮುಠ್ಠಾಳ ಇಲ್ಲದ ರನ್ನಿಗೆ ಓಡಿ ರನೌಟಾದ. ನಮ್ಮವರೆಲ್ಲ ಗೆದ್ದೆವು ಅಂತ ಕುಣಿದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರಲ್ಲ, ನನ್ನದು ಬಾಯಿಗೂ ಬಂದು ಹೋಯಿತು.

ಮಧ್ಯಾಹ್ನ ಭಾವ ನಮ್ಮ ಮನೆಗೇ ಊಟಕ್ಕೆ ಬಂದರು. ಅಳಿಯಂದಿರು ಬರುತ್ತಾರೆ ಅಂತ ಅಮ್ಮ ಶಾವಿಗೆ ಪಾಯಸ ಮಾಡಿದ್ದಳು. ನಾನು ತಟ್ಟೆಯಿಂದ ತಲೆ ಎತ್ತಲಿಲ್ಲ.

"ಇನ್ನೂ ಸಿಟ್ಟೇನೋ?" ಭಾವನೇ ಶುರು ಮಾಡಿದರು. "ಎಡ್ಜ್ ಆಗಿತ್ತು. ನಂಗೂ ಕೇಳಿಸ್ತು."

"ಮತ್ತೆ?"

"ನಾನು ಕೈ ಎತ್ತಿದ್ರೆ ನಮ್ ಲೇಔಟಿನವರು ಸುಮ್ನಿರ್ತಿದ್ರಾ? ಬಾಮೈದನಿಗೆ ಹತ್ತನೇದು ದಾನ ಮಾಡ್ದ ಅಂತಿದ್ರು. ನಿನ್ ಹೆಸರೂ ಕೆಡ್ತಿತ್ತು. ನಿನ್ ಜಾಗದಲ್ಲಿ ಬೇರೆ ಯಾರಾದ್ರೂ ಇದ್ದಿದ್ರೆ ಔಟ್ ಕೊಟ್ಬಿಡ್ತಿದ್ದೆ ಕಣೋ."

ಅಮ್ಮನಿಗೆ ಆ ಮಾತು ಬಹಳ ಹಿಡಿಸಿತು. "ನೋಡು, ಎಷ್ಟು ನ್ಯಾಯವಾಗಿದ್ದಾರೆ" ಎಂದು ಅವರಿಗೆ ಇನ್ನೊಂದು ಸೌಟು ಪಾಯಸ ಬಡಿಸಿದಳು. ನನಗೆ ಅಕ್ಕನ ಮದುವೆಯ ಮೇಲೇ ಸಿಟ್ಟು ಬಂತು.

ಈಗ ಭುಜ ಏಳುವುದಿಲ್ಲ. ಹತ್ತು ಹಾಗಿರಲಿ, ಒಂದು ವಿಕೆಟ್ಟಿಗೂ ತಿಣುಕುತ್ತೇನೆ. ಭಾವ ಮಾತ್ರ ಭಾನುವಾರ ಭಾನುವಾರ ಊಟಕ್ಕೆ ಬರುತ್ತಾರೆ.