ಸುಣ್ಣದ ಗೆರೆಯ ಕೋಣೆ

ಇವತ್ತು ಬೆಳಿಗ್ಗೆ ತರಕಾರಿಗೆಂದು ಹೊರಟಾಗ ನನ್ನ ಕಾಲು ನನ್ನ ಮರ್ಯಾದೆ ಕಳೆಯಿತು. ಪುರಸಭೆಯವರು ಚರಂಡಿಯ ಅಂಚಿಗೆ ಬಿಳಿ ಪುಡಿ ಚೆಲ್ಲಿ ಹೋಗಿದ್ದರು. ಚೆಲ್ಲಿದವನ ಕೈ ಧಾರಾಳವೋ ಏನೋ, ಒಂದು ಗೆರೆ ರಸ್ತೆಗೇ ಅಡ್ಡ ಬಿದ್ದಿತ್ತು. ಹೋಗುವವರು ಬರುವವರು ಎಲ್ಲರೂ ಅದನ್ನು ತುಳಿದುಕೊಂಡೇ ನಡೆದಿದ್ದರು. ನಾನೊಬ್ಬ ಮಾತ್ರ ಗೆರೆಯ ಮುಂದೆ ಗಕ್ಕನೆ ನಿಂತೆ. ಅದು ಎಲ್ಲಿ ಮುಗಿಯುತ್ತದೆಂದು ನೋಡಿ, ಸುತ್ತು ಹಾಕಿಕೊಂಡು ಆಚೆ ದಾಟಿದೆ. ಚಹಾದಂಗಡಿಯ ಕಟ್ಟೆಯ ಮೇಲಿದ್ದವರು, "ಮಾಸ್ತರಿಗೆ ಕಣ್ಣು ಮಂಜಾಗ್ಯಾವ" ಎಂದು ನಕ್ಕರು.

ಕಣ್ಣು ಚೆನ್ನಾಗಿಯೇ ಇವೆ. ಆದರೆ ಸುಣ್ಣದ ಪುಡಿಯ ಆ ಘಾಟು ಮೂಗಿಗೆ ಬಡಿದರೆ ಸಾಕು, ಅಲ್ಲೊಂದು ಗೋಡೆ ಇದೆ ಎಂದು ನನ್ನ ಕಾಲು ನಂಬಿಬಿಡುತ್ತದೆ. ಅದು ಹೇಗೆ ಎಂದು ತಿಳಿಯಬೇಕಾದರೆ ನೀವು ನನ್ನ ಅವ್ವನ ಕೋಣೆಯ ಸಂಗತಿ ಕೇಳಬೇಕು. ಅದಕ್ಕೂ ಮೊದಲು ನನ್ನ ದಡ್ಡತನದ ಸಂಗತಿ ಕೇಳಬೇಕು. ನಾನು ಹೇಳಲು ನಾಚುವುದಿಲ್ಲ, ದೇವದುರ್ಗಕ್ಕೆಲ್ಲ ಗೊತ್ತಿರುವುದೇ.

ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುವವನು. ಸರಳಬಡ್ಡಿ, ಚಕ್ರಬಡ್ಡಿ ಎಲ್ಲವನ್ನೂ ಬೋರ್ಡಿನ ಮೇಲೆ ನೀರು ಕುಡಿದಷ್ಟು ಸಲೀಸಾಗಿ ಬಿಡಿಸುತ್ತೇನೆ. ಇಂಥವನು ಜೊತೆಗೆ ಕೆಲಸ ಮಾಡುತ್ತಿದ್ದ ಒಬ್ಬರ ಸಾಲಕ್ಕೆ ಜಾಮೀನು ನಿಂತೆ. ಚಹಾ ತರಿಸಿ ಕಾಗದ ಮುಂದಿಟ್ಟರು. ಚಹಾ ಆರುವ ಮೊದಲೇ ನನ್ನ ಸಹಿ ಮುಗಿದಿತ್ತು. ಆರು ತಿಂಗಳಲ್ಲಿ ಅವರು ಕಂತು ಕಟ್ಟುವುದನ್ನು ಬಿಟ್ಟರು, ನನ್ನ ಪಗಾರದಲ್ಲಿ ಕಡಿತ ಶುರುವಾಯಿತು. ಮೂರು ವರ್ಷ ಕಟ್ಟಬೇಕಿತ್ತು. ಅದೇ ಮಳೆಗಾಲದಲ್ಲಿ ನಮ್ಮ ಮನೆಯ ಮಣ್ಣಿನ ಮಾಳಿಗೆಯೂ ಸೋರತೊಡಗಿತು. ಹೆಂಡತಿ ಶಾಂತಾ ಗ್ಯಾಸಿನ ಒಲೆಯನ್ನು ಈ ಮೂಲೆಯಿಂದ ಆ ಮೂಲೆಗೆ ಸರಿಸುತ್ತ, ಮಾತಿಲ್ಲದೆ ನನ್ನ ಮುಖ ನೋಡುತ್ತಿದ್ದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಕಡಿತ ಸ್ವಲ್ಪ ಕಡಿಮೆ ಮಾಡಿರೆಂದು ಬೇಡಿಕೊಳ್ಳಲು ರಾಯಚೂರಿಗೆ, ಸಾಲ ಕೊಟ್ಟ ಬ್ಯಾಂಕಿಗೆ ಹೋದೆ. ಅವರು ಕಡಿಮೆ ಮಾಡಲಿಲ್ಲ. ಹೊರಗಿನ ಬಿಸಿಲಿಗೆ ಹೆದರಿ ಅದೇ ಕಟ್ಟಡದ ಮೆಟ್ಟಿಲ ಮೇಲೆ ಕುಳಿತಿದ್ದಾಗ ಎದುರಿನ ಕೋಣೆಯಿಂದ ಒಬ್ಬ ಹುಡುಗಿ ಬಂದು ಒಂದು ತಂಬಿಗೆ ನೀರು ಕೊಟ್ಟಳು. ಬಾಗಿಲ ಮೇಲೆ 'ಆರ್ಕಿಟೆಕ್ಟ್' ಎಂದು ಬರೆದಿತ್ತು. ಹೆಸರು ನಸ್ರೀನ್, ಮಾನವಿಯವಳು. ತಂದೆಗೆ ಅಲ್ಲಿ ಸೈಕಲ್ ಅಂಗಡಿ. ಅವಳು ದಿನಾ ಬಸ್ಸಿನಲ್ಲಿ ರಾಯಚೂರಿಗೆ ಬಂದು ಹೋಗುತ್ತಿದ್ದಳು. ನೀರಿನ ಋಣಕ್ಕೋ ಏನೋ ಪಗಾರದ ಕಡಿತದ, ಸೋರುವ ಮಾಳಿಗೆಯ ವಿಷಯ ತೆಗೆದೆ. ಅವಳು ಕೇಳಿದ ಮೊದಲ ಪ್ರಶ್ನೆ ನನಗೆ ಇನ್ನೂ ನೆನಪಿದೆ.

"ಮನಿ ಎಷ್ಟ್ ದೊಡ್ಡದದ ಅಂತ ಆಮ್ಯಾಲ ಹೇಳ್ರಿ ಸರ್. ಪಗಾರದಾಗ ಕಡಿತ ಯಾವಾಗ ಮುಗೀತದ, ಅದನ್ನ ಮೊದಲ ಹೇಳ್ರಿ."

ಸಾಲಗಾರನನ್ನು ಅಷ್ಟು ಮರ್ಯಾದೆಯಿಂದ ಯಾರೂ ಮಾತಾಡಿಸಿರಲಿಲ್ಲ. ಅವಳು ಹಾಳೆಯ ಮೇಲೆ ಮೂರು ವರ್ಷವನ್ನು ಒಂದು ಉದ್ದ ಗೆರೆಯಾಗಿ ಎಳೆದು, ಅದರ ಕೆಳಗೆ ನಮ್ಮ ಮನೆಯನ್ನು ತುಂಡು ತುಂಡಾಗಿ ಕೂರಿಸಿದಳು. ಈ ವರ್ಷ ಮಾಳಿಗೆ ಮಾತ್ರ. ಮುಂದಿನ ವರ್ಷ ಅಡುಗೆಮನೆ, ಬಚ್ಚಲು. ಕಡಿತ ಮುಗಿದ ತಿಂಗಳು ಹಿತ್ತಲಲ್ಲಿ ಅವ್ವನಿಗೊಂದು ಹೊಸ ಕೋಣೆ. ಹೊಸ ಸಾಲ ಮಾಡಕೂಡದು. ತನ್ನ ಫೀಸನ್ನೂ ಹಾಗೆಯೇ ತುಂಡು ಮಾಡಿಕೊಂಡಳು.

ಅಳತೆಗೆಂದು ಅವಳು ದೇವದುರ್ಗಕ್ಕೆ ಬಂದ ದಿನ ಅವ್ವ ಹಿತ್ತಲಲ್ಲಿ ಬೇವಿನ ಗಿಡದ ಕೆಳಗೆ ಹಗ್ಗದ ಹೊರಸಿನ ಮೇಲೆ ಕೂತಿದ್ದಳು. ಆ ಹೊರಸು ಇಡಲು ಮನೆಯೊಳಗೆ ಜಾಗವಿರಲಿಲ್ಲ. ಮಲಗುವುದು ಪಡಸಾಲೆಯಲ್ಲಿ, ಚಾಪೆಯ ಮೇಲೆ. ಅವ್ವನ ಬಗ್ಗೆ ಇಷ್ಟು ಹೇಳಬೇಕು. ಅಪ್ಪ ಬೇಗ ತೀರಿಕೊಂಡ. ಅವ್ವ ನನ್ನನ್ನು ಕರೆದುಕೊಂಡು ಗುಳೆ ಹೋಗಿ, ಊರೂರಲ್ಲಿ ಕಟ್ಟುವ ಮನೆಗಳಿಗೆ ಇಟ್ಟಂಗಿ ಹೊತ್ತಳು. ತಗಡಿನ ಶೆಡ್ಡಿನಲ್ಲಿ ನಮಗೆ ಸಿಗುತ್ತಿದ್ದದ್ದು ಒಂದು ಚಾಪೆಯಷ್ಟು ಜಾಗ. ಅದರಲ್ಲಿ ನಾನು ಕೈಕಾಲು ಚಾಚಿ ಮಲಗುತ್ತಿದ್ದೆ, ಅವ್ವ ತಗಡಿಗೆ ಬೆನ್ನು ಹಚ್ಚಿ ಮಗ್ಗುಲಾಗಿ. ಹಂಗ್ಯಾಕೆ ಮಲಗುತ್ತೀ ಎಂದು ಕೇಳಿದರೆ, "ನನಗ ಇಷ್ಟ ಸಾಕಾಗತದ" ಎನ್ನುತ್ತಿದ್ದಳು. ಲೆಕ್ಕವಿಲ್ಲದಷ್ಟು ಮಂದಿಯ ಕೋಣೆಗಳಿಗೆ ಗೋಡೆ ಹೊತ್ತವಳು. ಅವಳದೆಂದು ಒಂದು ಕೋಣೆ ಯಾವತ್ತೂ ಇರಲಿಲ್ಲ.

ನಸ್ರೀನ್ ನಕ್ಷೆ ಬಿಚ್ಚಿದಳು. ಅವ್ವ ಕಾಗದವನ್ನು ಕಣ್ಣೆತ್ತಿಯೂ ನೋಡಲಿಲ್ಲ.

"ಕಾಗದ ನಿಮ್ಮ ಸಾಲಿಯವರಿಗೆ ಬೇ. ನನಗ ನೆಲದ ಮ್ಯಾಲ ತೋರ್ಸು. ಪಾಯದ ಗೆರಿ ನೋಡಿದ್ರ ನನಗ ತಿಳೀತದ."

ನಸ್ರೀನ್ ನಕ್ಕು, ಮಾಳಿಗೆಯ ಕೆಲಸಕ್ಕೆ ಹಿಡಿದಿದ್ದ ಗೌಂಡಿ ಹುಸೇನಪ್ಪನ ಕೈಯಲ್ಲಿ ಒಂದು ಚೀಲ ಸುಣ್ಣದ ಪುಡಿ ತರಿಸಿದಳು. ಹಳೆಯ ಹಾಲಿನಪುಡಿ ಡಬ್ಬಿಯ ತಳಕ್ಕೆ ಮೊಳೆಯಿಂದ ತೂತು ಹೊಡೆದು, ಟೇಪು ಹಿಡಿದು, ಹಿತ್ತಲಲ್ಲಿ ಕೋಣೆಯನ್ನು ಇದ್ದಷ್ಟೇ ದೊಡ್ಡದಾಗಿ ಬರೆದಳು. ಮನೆಯ ಹಿಂಗೋಡೆಯಿಂದ ಬೇವಿನ ಗಿಡದ ಕಡೆಗೆ ಹನ್ನೆರಡು ಅಡಿ ಉದ್ದ, ಹತ್ತು ಅಡಿ ಅಗಲ. ಬಾಗಿಲಿಗೆ ಗೆರೆಯಲ್ಲಿ ಒಂದು ಸಂದು ಬಿಟ್ಟಳು. ಕಿಟಕಿಗೆ ಎರಡು ಗೀಟು ಹಾಕಿದಳು, ಅದು ಪಕ್ಕದ ಮನೆಯ ಮಲ್ಲವ್ವನ ಹಿತ್ತಲಿಗೆ ಮುಖವಾಗಿತ್ತು. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ, "ಬೇಕಾದ್ರ ಅಮ್ಮಾರ ರೂಮು ಮೊದಲ ಮಾಡೋಣ್ರಿ ಸರ್. ಅಡಿಗಿಮನಿ ಒಂದ್ ವರ್ಷ ತಡೀತದ" ಎಂದಳು.

ನಾನು ಬಾಯಿ ತೆರೆಯುವ ಮೊದಲೇ ಅವ್ವ, "ನಂದು ಕಡೀಕಿರ್ಲಿ. ನನಗೇನು ಅವಸರ?" ಅಂದಳು.

ನಾನು ಹೂಂ ಅಂದೆ. ಬಹಳ ಬೇಗ ಹೂಂ ಅಂದೆ. ಜಾಮೀನಿನ ಸಹಿಯನ್ನೂ ಅಷ್ಟು ಬೇಗ ಹಾಕಿರಲಿಲ್ಲ.

ಅಂದು ಸಂಜೆಯೇ ಅವ್ವ ಹೊರಸನ್ನು ಎಳೆದು ಗೆರೆಯೊಳಗೆ ಹಾಕಿಕೊಂಡಳು. ಮೊದಮೊದಲು ನಮಗೆ ತಮಾಷೆ. ಆದರೆ ಅವ್ವ ತಮಾಷೆ ಮಾಡುತ್ತಿರಲಿಲ್ಲ. ಒಳಗೆ ಹೋಗುವುದು ಬರುವುದು ಬಾಗಿಲ ಸಂದಿನಲ್ಲೇ. ಚಪ್ಪಲಿ ಅದರ ಹೊರಗೆ. ಮಲ್ಲವ್ವ ಹರಟೆಗೆ ಬಂದರೆ ಕಿಟಕಿಯ ಗೀಟಿನಾಚೆ ನಿಂತೇ ಮಾತಾಡಬೇಕು, ಒಳಗೆ ಬಾ ಎಂದಮೇಲೆ ಸುತ್ತಿ ಬರಬೇಕು. ಮಲ್ಲವ್ವ ಆ ನೇಮವನ್ನು ಒಂದು ದಿನವೂ ತಪ್ಪಿಸಲಿಲ್ಲ. ನಾನು ಅವಸರದಲ್ಲಿ ಚಹಾದ ಬಟ್ಟಲು ಹಿಡಿದು ನೇರ ನಡೆದರೆ, "ಗ್ವಾಡಿ ಒಡಕೊಂಡು ಬರ್ತೀಯಲ್ಲೋ, ಬಾಗಲಿಲ್ಲೇನು?" ಎಂದು ವಾಪಸು ಕಳಿಸುತ್ತಿದ್ದಳು. ಮಲ್ಲವ್ವನ ಆಡು ಮಾತ್ರ ಗೋಡೆಯಲ್ಲಿ ನುಗ್ಗಿ ಬಂದು ಹೊರಸಿನ ಕೆಳಗೆ ಮಲಗುತ್ತಿತ್ತು. "ಅದು ಸಾಲಿ ಕಲಿತಿಲ್ಲ, ಬಿಡು" ಎಂದು ಅವ್ವ ಅದನ್ನು ಕ್ಷಮಿಸುತ್ತಿದ್ದಳು. ನನಗೆ ಆ ರಿಯಾಯಿತಿ ಇರಲಿಲ್ಲ.

ಮಾಳಿಗೆಯಾಯಿತು. ಅಡುಗೆಮನೆಯಾಯಿತು. ನಸ್ರೀನ್ ಬಂದಾಗೆಲ್ಲ ಚಪ್ಪಲಿ ಬಿಟ್ಟು ಬಾಗಿಲ ಸಂದಿನಿಂದ ಒಳಗೆ ಹೋಗಿ, ಅವ್ವನ ಹೊರಸಿನ ಮೇಲೆ ಕೂತು ಚಹಾ ಕುಡಿಯುತ್ತಿದ್ದಳು. ಸ್ವಿಚ್ಚು ಯಾವ ಗೋಡೆಗಿರಬೇಕು, ಗೂಡು ಎಷ್ಟು ಎತ್ತರಕ್ಕಿರಬೇಕು ಎಂದು ಇಬ್ಬರೂ ಗಾಳಿಯಲ್ಲಿ ಕೈಯಾಡಿಸಿ ವಾದಿಸುತ್ತಿದ್ದರು. ಅವ್ವ ಅವಳನ್ನು ನಕ್ಷಿ ಮೇಡಂ ಎಂದು ಕರೆಯುತ್ತಿದ್ದಳು. ಆ ಸಂಜೆಗಳಲ್ಲಿ ನನ್ನ ಕೈಯಲ್ಲಿ ಅರ್ಧ ಪಗಾರ, ತಲೆಯ ಮೇಲೆ ಇನ್ನೊಬ್ಬರ ಸಾಲ. ಆದರೂ ನಾನು ಅಷ್ಟು ಸುಖವಾಗಿ ಮತ್ತೆಂದೂ ಇರಲಿಲ್ಲ.

ಮಳೆ ಬಂದರೆ ಕೋಣೆ ತೊಳೆದುಹೋಗುತ್ತಿತ್ತು. ನೆಲ ಆರುತ್ತಲೇ ಅವ್ವ ಆ ಡಬ್ಬಿ ಹಿಡಿದು, ಸೊಂಟ ಬಗ್ಗಿಸಿ, ಗೆರೆಯನ್ನು ಮತ್ತೆ ಎಳೆಯುತ್ತಿದ್ದಳು. ಆಮೇಲಾಮೇಲೆ ಮೂಲೆಗಳಿಗೆ ಗುರುತಿನ ಕಲ್ಲನ್ನೂ ಇಟ್ಟಳು. ನಾನು ಎಳೆಯುತ್ತೇನೆ ಕೊಡು ಎಂದರೆ ಡಬ್ಬಿ ಬಿಡುತ್ತಿರಲಿಲ್ಲ. ಒಮ್ಮೆ ಹಾಗೆ ಎಳೆಯುತ್ತ, "ಒಂದಡಿ ಗ್ವಾಡಿಗೆ ಇಟ್ಟಂಗಿ ಎಷ್ಟ್ ಬೀಳ್ತಾವ, ಗೊತ್ತೇನಲೇ ಮಾಸ್ತರ?" ಎಂದು ಕೇಳಿದಳು. ಗೊತ್ತಿಲ್ಲ ಎಂದೆ. "ಏನ್ ಲೆಕ್ಕ ಕಲಿಸ್ತೀಯೋ ಏನೋ" ಎಂದು ನಕ್ಕಳು. ಮೊದಲ ಸಲ ಗೆರೆ ಬರೆದಾಗ ಅದಕ್ಕೂ ಬೇವಿನ ಗಿಡಕ್ಕೂ ನಡುವೆ ನಾನು ಅಡ್ಡಡ್ಡಲಾಗಿ ತೂರಿಕೊಂಡು ಹೋಗಬೇಕಾಗಿತ್ತು. ಎರಡನೆಯ ವರ್ಷ ಅದೇ ಜಾಗದಲ್ಲಿ ಕುರ್ಚಿ ಹಾಕಿಕೊಂಡು ಪೇಪರು ತಿದ್ದುತ್ತಿದ್ದೆ. ಗಿಡ ಹಿಂದೆ ಸರಿದಿದೆ ಎಂದುಕೊಳ್ಳುವಷ್ಟು ದಡ್ಡನಲ್ಲ ನಾನು. ಗೆರೆ ಒಳಗೆ ಸರಿದಿದೆ ಎಂದುಕೊಳ್ಳುವಷ್ಟು ಜಾಣನೂ ಆಗಿರಲಿಲ್ಲ.

ನಾಲ್ಕು ಕಂತು ಬಾಕಿ ಇದ್ದಾಗ, ಸಂಕ್ರಾಂತಿ ಮುಗಿದ ವಾರ, ಅವ್ವನಿಗೆ ಜ್ವರ ಬಂತು. ಐದನೆಯ ದಿನ ಹೋಗಿಬಿಟ್ಟಳು. ಹೆಚ್ಚು ಹೇಳಲಾರೆ. ನಸ್ರೀನ್ ಮಾನವಿಯಿಂದ ಬಂದವಳು ಮಂದಿಯ ನಡುವೆಯೂ ಹಿತ್ತಲಿಗೆ ಹೋಗಿ, ಸುತ್ತಿಕೊಂಡು ಬಾಗಿಲಲ್ಲೇ ಒಳಗೆ ಹೊಕ್ಕು, ಖಾಲಿ ಹೊರಸಿನ ಹತ್ತಿರ ನಿಂತು ಅತ್ತಳು. ಆಮೇಲೆ ಗೆರೆ ಎಳೆಯುವವರು ಯಾರೂ ಇರಲಿಲ್ಲ. ಬೇಸಿಗೆಯಾದ್ದರಿಂದ ಅದು ಮಸುಕು ಮಸುಕಾಗಿ ಉಳಿದಿತ್ತು. ಶಾಂತಾ ಬಟ್ಟೆ ಒಣಹಾಕಲು ಹೋಗುವಾಗ, ನಾನು ನೀರು ತರುವಾಗ, ಇಬ್ಬರೂ ಸುತ್ತು ಹಾಕಿಯೇ ಹೋಗುತ್ತಿದ್ದೆವು.

ಕಡಿತ ಮುಗಿದ ತಿಂಗಳು ಪೂರ್ತಿ ಪಗಾರ ಕೈಗೆ ಬಂತು. ಅದನ್ನು ಹಿಡಿದುಕೊಂಡು ನಾನು ಯಾರಿಗೆ ತೋರಿಸಲಿ ಎಂದು ಮನೆಯಲ್ಲೆಲ್ಲ ನೋಡಿದೆ. ಕೋಣೆ ಈಗ ಯಾಕೆ ಎಂದು ಕೆಲವರೆಂದರು. ನಾನು ನಸ್ರೀನ್‌ಗೆ ಫೋನು ಮಾಡಿ, ಬಾರಮ್ಮ ಎಂದೆ.

ಪಾಯಕ್ಕೆ ಗುರುತು ಹಾಕುವ ದಿನ ಅವಳು ಟೇಪಿನ ಒಂದು ತುದಿಯನ್ನು ಹಿಂಗೋಡೆಗೆ ಹಿಡಿದಳು, ಹುಸೇನಪ್ಪ ಇನ್ನೊಂದು ತುದಿಯನ್ನು ಅವ್ವನ ಮೂಲೆಗಲ್ಲಿಗೆ ಒಯ್ದ. ನಸ್ರೀನ್ ಟೇಪು ನೋಡಿದಳು, ನಕ್ಷೆ ನೋಡಿದಳು, ಮತ್ತೆ ಟೇಪು ನೋಡಿದಳು.

"ಹತ್ತೂವರಿ ಅದಲ್ರಿ ಸರ್. ನಾನು ಹನ್ನೆರಡು ಹಾಕಿದ್ದೆ."

ಇನ್ನೊಂದು ಮೂಲೆ ಅಳೆದರೂ ಹತ್ತೂವರೆ. ಅವ್ವ ಕೈತಪ್ಪಿ ಎಳೆದಿದ್ದರೆ ಗೆರೆ ಸೊಟ್ಟಗಿರಬೇಕಿತ್ತು. ಅದು ಹುರಿ ಹಿಡಿದಂತೆ ನೆಟ್ಟಗಿತ್ತು. ಬಾಗಿಲು ಅಷ್ಟೇ ಇತ್ತು, ಕಿಟಕಿಯೂ ಅಷ್ಟೇ ಇತ್ತು. ಗಿಡದ ಕಡೆಯ ಗೋಡೆಯಷ್ಟೇ ಒಳಗೆ ಬಂದಿತ್ತು. ಹುಸೇನಪ್ಪ ಟೇಪು ಕೆಳಗಿಟ್ಟು, ತಲೆಯ ಟವೆಲ್ಲು ತೆಗೆದು ಮುಖ ಒರೆಸಿಕೊಂಡ.

"ಅಮ್ಮ ನನ್ನ ಕೇಳಿದ್ಲು ಸರ್ರ. ಒಂದೂವರಿ ಅಡಿ ತಗದ್ರ ಇಟ್ಟಂಗಿ ಎಷ್ಟ್ ಉಳೀತಾವ, ಸಿಮೆಂಟ್ ಎಷ್ಟ್ ಉಳೀತದ ಅಂತ. ಒಮ್ಮೆಲೇ ತಗದ್ರ ಮಗಗ ಗೊತ್ತಾಗತದ, ಮಳಿ ಬಂದಾಗೊಮ್ಮೆ ಎರಡು ಬೆರಳಿನಷ್ಟ ತಗೀತೀನಿ ಅಂದ್ಲು. ಹೇಳಿದ್ರ ನನ್ನ ಮ್ಯಾಲ ಆಣಿ ಅಂದಿದ್ಲು."

ನಸ್ರೀನ್ ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. "ಎರಡು ವರ್ಷ ಈ ರೂಮಿನ್ಯಾಗ ಕುಂತು ಚಹಾ ಕುಡದೀನಿ ಸರ್. ಅಳತಿ ನನ್ನ ಕಸುಬು. ನನಗೂ ಗೊತ್ತಾಗಲಿಲ್ಲ."

ನಾನೋ ಮಕ್ಕಳಿಗೆ ವಿಸ್ತೀರ್ಣ ಕಲಿಸುವವನು. ನನಗಾಗಿ ತಗಡಿಗೆ ಬೆನ್ನು ಹಚ್ಚಿ ಮಲಗಿದವಳು ತನ್ನ ಸ್ವಂತ ಕೋಣೆಯಲ್ಲೂ, ಅದು ಇನ್ನೂ ಸುಣ್ಣದ ಪುಡಿಯಾಗಿದ್ದಾಗಲೇ, ನನಗೆ ಜಾಗ ಬಿಡುತ್ತ ಬಂದಿದ್ದಳು. ನಾನು ಆ ಜಾಗದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದೆ.

"ಯಾವ ಗೆರಿ ಹಿಡೀಲ್ರಿ ಸರ್?" ಎಂದು ನಸ್ರೀನ್ ಕೇಳಿದಳು.

"ನಕ್ಷಿದಾಗ ಇದ್ದದ್ದು" ಎಂದೆ. ಈ ಸಲ ತಡೆದು, ಯೋಚಿಸಿ ಹೇಳಿದೆ.

ಕೋಣೆ ಎದ್ದು ನಿಂತು ಈಗ ಒಂದು ವರ್ಷವಾಯಿತು. ಹನ್ನೆರಡು ಅಡಿ, ಪೂರ್ತಿ. ಅವ್ವನ ಹೊರಸು ಮೊದಲು ಇದ್ದಲ್ಲೇ ಇದೆ. ಗಿಡದ ಕಡೆಯ ಗೋಡೆಗುಂಟ ಮಾತ್ರ ಏನನ್ನೂ ಇಡಲು ನನಗೆ ಮನಸ್ಸಾಗಲಿಲ್ಲ. ಶಾಂತಾ ಅಲ್ಲೊಂದು ಬೀರು ಇಡೋಣವೆಂದು ಒಮ್ಮೆ ಅಂದಳು, ಆಮೇಲೆ ತಾನೇ ಅದನ್ನು ಪಡಸಾಲೆಗೆ ಹಾಕಿಸಿದಳು.

ಇವತ್ತು ಆ ಬಿಳಿ ಗೆರೆಯನ್ನು ಸುತ್ತಿ ದಾಟಿದ ಮೇಲೆ ತರಕಾರಿ ಕೊಳ್ಳುವ ಮನಸ್ಸೂ ಹೋಯಿತು. ಖಾಲಿ ಚೀಲ ಹಿಡಿದು ಮನೆಗೆ ಬಂದೆ. ಚಪ್ಪಲಿ ಹೊರಗೆ ಬಿಟ್ಟು ಬಾಗಿಲಿನಿಂದ ಒಳಗೆ ಹೋದೆ. ಯಾಕೋ ಗೊತ್ತಿಲ್ಲ, ಆ ಒಂದೂವರೆ ಅಡಿ ಜಾಗದಲ್ಲಿ ಬರಿ ನೆಲದ ಮೇಲೆ, ಗೋಡೆಗೆ ಬೆನ್ನು ಹಚ್ಚಿ ಮಗ್ಗುಲಾಗಿ ಮಲಗಿದೆ. ಮೊಣಕಾಲು ಮಡಚಿದರೆ ಆ ಜಾಗದಿಂದ ಹೊರಗೆ ಬರುತ್ತಿತ್ತು. ಕೈಯನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ.

ಕಿಟಕಿಯಲ್ಲಿ ಮಲ್ಲವ್ವನ ಮುಖ ಕಂಡಿತು.

"ಯಾಕಪ್ಪಾ ಮಾಸ್ತರ, ಇಷ್ಟ್ ದೊಡ್ಡ ರೂಮಿನ್ಯಾಗ ಗ್ವಾಡಿ ಬುಡಕ ಯಾಕ ಬಿದ್ದೀದಿ?"

"ಅವ್ವ ಇಷ್ಟ ಸಾಕು ಅಂತಿದ್ಲು ಬೇ. ಸಾಕಾಗತದೇನು ನೋಡಾಕತ್ತೀನಿ."

ಮಲ್ಲವ್ವ ಕಿಟಕಿಯ ಸರಳು ಹಿಡಿದು ಕೇಳಿದಳು, "ಸಾಕಾತೇನು?"

"ಇಲ್ಲ ಬೇ," ಎಂದೆ. "ಸಾಲಂಗಿಲ್ಲ."