ಅತ್ತೆಯಂಥ ನೀಲಿ ಪರದೆ

ಕರೆಂಟ್ ಹೋಗಿ ಬಂದ ಮೇಲೆ ಅಗ್ರಹಾರದ ನನ್ನ ಡಿಟಿಪಿ ಅಂಗಡಿಯ ಕಂಪ್ಯೂಟರ್ ಆನ್ ಮಾಡಿದರೆ ಎಂದಿನ ನೀಲಿ ಪರದೆಯೇ ಬಂತು. ಮಗಳ ಲಗ್ನಪತ್ರಿಕೆಯ ಪ್ರೂಫ್ ನೋಡಲು ಬಂದಿದ್ದ ಗೌರಮ್ಮನವರಿಗೆ ಗಾಬರಿ. "ಇಂಗ್ಲಿಷ್‌ನಲ್ಲಿ ಏನ್ರೀ ಬರ್ದಿದೆ?"

"ನನ್ನನ್ನ ಸರಿಯಾಗಿ ಮುಚ್ಚಲಿಲ್ಲ, ಒಳಗೇನಾದ್ರೂ ಕೆಟ್ಟಿದೆಯಾ ನೋಡ್ತೀನಿ ಅಂತಿದೆ."

"ಅಯ್ಯೋ, ಥೇಟ್ ನಮ್ಮತ್ತೆ! ಉಪ್ಪಿನಕಾಯಿ ಜಾಡಿ ಮುಚ್ಚಳ ಒಂಚೂರು ಓರೆಯಾಗಿದ್ರೆ ಸಾಕು, ಅಡುಗೆಮನೆ ಡಬ್ಬ ಎಲ್ಲಾ ತೆಗೆದು ಮೂಸಿ ನೋಡ್ಬುಡ್ತಾರೆ."

ನಾನು ನಗುತ್ತಾ, ಆ ತಪಾಸಣೆಯನ್ನು ನಿಲ್ಲಿಸುವ ಗುಂಡಿಗೆ ಕೈ ಹಾಕಿದೆ.

"ನಿಲ್ಲಿಸ್ಬೇಡಿ! ನೋಡಿದ್ರೆ ತಾನೇ ಕೆಟ್ಟಿಲ್ಲ ಅಂತ ಗೊತ್ತಾಗೋದು?"

ಬಾಗಿಲಲ್ಲಿ ಚಪ್ಪಲಿ ಬಿಡುತ್ತಾ ನಿಂತಿದ್ದ ಅಜ್ಜಿಯ ದನಿ ಅದು. ಗೌರಮ್ಮನವರ ಮುಖ ನೋಡಿದ ಕೂಡಲೇ ಇವರೇ ಆ ಅತ್ತೆ ಎಂದು ಗೊತ್ತಾಯಿತು.

ಲಗ್ನಪತ್ರಿಕೆ ಇದ್ದದ್ದು ಆ ಕಂಪ್ಯೂಟರಿನಲ್ಲಿ ಮಾತ್ರ, ಇನ್ನೊಂದು ಪ್ರತಿ ಎಲ್ಲೂ ಇರಲಿಲ್ಲ. ತಪಾಸಣೆ ಎಷ್ಟಾಯಿತೆಂದು ತೋರಿಸುವ ಹಳದಿ ಪಟ್ಟಿ ಪರದೆಯ ಮೇಲೆ ತೆವಳುವುದನ್ನು ಮೂವರೂ ಉಸಿರು ಬಿಗಿಹಿಡಿದು ನೋಡಿದೆವು. ಕೊನೆಗೆ ಯಾವ ದೋಷವೂ ಇಲ್ಲ ಎಂದು ಬಂತು. ನಾನು ಗೆದ್ದವಳಂತೆ ಪ್ರಿಂಟ್ ತೆಗೆದು ಅಜ್ಜಿಯ ಕೈಗಿತ್ತೆ.

ಅವರು ಕನ್ನಡಕ ಏರಿಸಿ ಕೊನೆಯ ಸಾಲಿನ ಮೇಲೆ ಬೆರಳಿಟ್ಟರು. 'ಆಗಮನಾಭಿಲಾಷಿಗಳು' ಎಂದಿರಬೇಕಾದಲ್ಲಿ 'ಗಮನಾಭಿಲಾಷಿಗಳು' ಎಂದಿತ್ತು.

"ಇದರ 'ಆ' ಎಲ್ಲಿ ಹೋಯ್ತಮ್ಮ? ನೆಂಟರನ್ನ ಬನ್ನಿ ಅಂತ ಕರೀತಿದೀವೋ, ಹೋಗಿ ಅಂತ ಕಳಿಸ್ತಿದೀವೋ?"

ಅಂದಿನಿಂದ ನಮ್ಮ ಅಂಗಡಿಯಲ್ಲಿ ನೀಲಿ ಪರದೆಗೆ 'ಅತ್ತೆ' ಎಂದೇ ಹೆಸರಾಯಿತು. ಅದು ಬಂದಾಗ ನಾನು ತಡೆಯದೆ ಕೈಕಟ್ಟಿ ಕೂರುತ್ತಿದ್ದೆ. ಅದು ಎಲ್ಲ ಸರಿಯಿದೆ ಎಂದ ಮೇಲೆ, ಪತ್ರಿಕೆಯ ಕೊನೆಯ ಸಾಲಿನಲ್ಲಿ 'ಆ' ಇದೆಯೇ ಎಂದು ನಾನೇ ನೋಡುತ್ತಿದ್ದೆ.