ಸುಂದ್ರವ್ವನ ಕೆನ್ನೆಯ ಬಂಗು

ಕುಲಗೋಡದ ಸುಂದ್ರವ್ವನಿಗೆ ಎರಡನೆಯ ಬಸಿರಿನ ಆರನೇ ತಿಂಗಳಲ್ಲಿ ಎರಡೂ ಕೆನ್ನೆಗಳ ಮೇಲೆ ಕಂದು ಕಲೆ ಮೂಡಿತು. ಗಂಡುಮಗು ಹುಟ್ಟಿದ ಮೇಲೂ ಹೋಗಲಿಲ್ಲ. ಜೋಳದ ರಾಶಿಯ ಬಿಸಿಲಿಗೆ ಇನ್ನಷ್ಟು ಗಾಢವಾಯಿತು. ಇಂಥ ಕಲೆಗೆ ಬಂಗು ಎಂದು ಹೆಸರು. ಆದರೆ ಆ ಸೀಮೆಯ ನಾಲಗೆಗೆ ಕೆನ್ನೆಯ ಬಂಗೂ ಒಂದೇ, ಕಾರ್ಯ ಕೆಡಿಸುವ ಭಂಗವೂ ಒಂದೇ, ಎರಡೂ ‘ಬಂಗ’. ಅತ್ತೆ ಕಾಶೆವ್ವನಂತೂ ಅವೆರಡನ್ನೂ ಕೂಡಿಸಿಯೇ ನಂಬಿದ್ದಳು: ಬಂಗ ಬಂದವಳು ಮುಟ್ಟಿದ ಶುಭಕಾರ್ಯಕ್ಕೆ ಬಂಗ ತಪ್ಪದು.

೧೯೩೭ರ ಬೇಸಿಗೆಯಲ್ಲಿ ಮೈದುನ ಗುಡ್ಡಪ್ಪನ ಮದುವೆ ಗೊತ್ತಾಯಿತು. ಮದುಮಕ್ಕಳನ್ನು ಕೂರಿಸಿ, ನಾಲ್ಕು ಮೂಲೆಗೆ ತಂಬಿಗೆಗಳನ್ನಿಟ್ಟು, ಐವರು ಮುತ್ತೈದೆಯರು ಸುತ್ತಲೂ ನೂಲು ಸುತ್ತುವ ಸುರಗಿ ಶಾಸ್ತ್ರದಲ್ಲಿ ಮೊದಲ ಸುತ್ತು ಹಿರಿಸೊಸೆಯದು. ಕಾಶೆವ್ವ ಗೋಕಾಕದ ಸಂತೆಯಿಂದ ಬಿಳಿ ಮುಲಾಮಿನ ಡಬ್ಬಿ ತಂದಳು.

“ಮದವಿ ಬರೂದ್ರೊಳಗ ಮಾರಿ ತಿಳಿ ಆತಂದ್ರ ಸುರಗಿಗೆ ನಿಲ್ಲು. ಇಲ್ಲಂದ್ರ ನಿನ್ನ ಜಾಗಾದಾಗ ನನ್ನ ಮಗಳು ಪಾರವ್ವ ನಿಲ್ಲತಾಳ.”

ಮುಲಾಮು ಹಚ್ಚಿಕೊಂಡು ನಾಲ್ಕು ದಿನ ಮುಖ ಬೆಳ್ಳಗಾಯಿತು. ಐದನೆಯ ದಿನ ತೊಗಲು ಸುಲಿದು, ಉರಿದು, ಕಲೆ ಮೊದಲಿಗಿಂತ ಕಪ್ಪಿಟ್ಟಿತು. ಗಂಡ ಮುರಿಗೆಪ್ಪ ಚಕ್ಕಡಿ ಹೂಡಿ ಘಟಪ್ರಭೆಯ ದವಾಖಾನೆಗೆ ಕರೆದೊಯ್ದ. ಡಾಕ್ಟರಬಾಯಿ ಡಬ್ಬಿಯನ್ನು ನೋಡಿ ಹುಬ್ಬು ಗಂಟಿಕ್ಕಿದರು.

“ಇದರಾಗ ಪಾದರಸ ಐತಿ, ತೊಗಲ ಸುಡತೈತಿ. ಬಸರಾದಾಗ ಭಾಳ ಮಂದಿಗೆ ಬಂಗು ಬರತೈತಿ, ಬಿಸಲಿಗೆ ಹೆಚ್ಚಾಗತೈತಿ. ಅಂಟೂ ಅಲ್ಲ, ಶಾಪಾನೂ ಅಲ್ಲ. ಹೊಲದಾಗ ಸೆರಗ ಮುಂದ ಎಳಕೋ. ನಿಧಾನಕ ಮಾಸತೈತಿ; ಮದವಿ ತಾರೀಖ ನೋಡಿ ಮಾಸೂದಿಲ್ಲ.”

“ಪೂರಾ ಹೋಗತೈತೇನ್ರಿ?”

“ಹೋಗಬಹುದು, ಉಳೀಬಹುದು ತಂಗಿ.”

ಹೋಗುವುದೋ ಉಳಿಯುವುದೋ ತಿಳಿಯದ ಕಲೆಗೆ ತನ್ನ ಸ್ಥಾನವನ್ನು ಕಟ್ಟಿಹಾಕಬಾರದೆಂದು ಸುಂದ್ರವ್ವ ಚಕ್ಕಡಿಯಲ್ಲೇ ನಿಶ್ಚಯಿಸಿದಳು. ಮನೆಗೆ ಬಂದವಳೇ ಡಬ್ಬಿಯನ್ನು ತಿಪ್ಪೆಗೆಸೆದಳು.

“ಹುಚ್ಚಿ, ಸುರಗಿ ಬ್ಯಾಡೇನ ನಿನಗ?” ಕಾಶೆವ್ವ ಕೂಗಿದಳು.

“ಬೇಕ್ರಿ ಅತ್ತಿ. ಅದಕ್ಕ ಒಗದೆ.”

ಮದುವೆಯ ದಿನ ಕಾಶೆವ್ವ ಮಗಳನ್ನು ಕರೆಯುವಷ್ಟರಲ್ಲಿ ಸುಂದ್ರವ್ವ ಮೊದಲ ತಂಬಿಗೆಯ ಬಳಿ ಬಂದು ನಿಂತಿದ್ದಳು. ಸುಲಿದ ಕೆನ್ನೆಗಳನ್ನು ಮರೆಮಾಡಿರಲಿಲ್ಲ.

“ಸರಿ ಅತ್ತಾಗ, ಬೀಗರು ನೋಡಾಕತ್ತಾರ. ಕಾರ್ಯಕ್ಕ ಬಂಗ ಬರತೈತಿ!” ಕಾಶೆವ್ವ ಗದರಿದಳು.

“ನನ್ನ ಮಾರಿಗೆ ಬಂಗ ತಂದಾಂವ ನಿಮ್ಮ ಮಮ್ಮಗ್ರಿ. ಅಂವನ್ನೂ ಹಂದರದಿಂದ ಹೊರಗ ಹಾಕ್ತೀರೇನು?”

ಹೆಂಗಸರ ಗುಂಪು ಗೊಳ್ಳೆಂದಿತು. ಮದುಮಗಳ ಅಜ್ಜಿ ಬಾಳವ್ವ ಬೊಚ್ಚುಬಾಯಿ ತೆರೆದಳು: “ಖರೆ ಅಂದಿ ಬಿಡವಾ! ನನಗ ನಾಕು ಹಡಿಯೂತನಾ ಇತ್ತು ಇದು.”

ಕಾಶೆವ್ವ ಸೋಲಲಿಲ್ಲ; ನೂಲಿನ ಉಂಡೆಯನ್ನು ಪಾರವ್ವನಿಗೇ ಚಾಚಿದಳು. ಪಾರವ್ವ ಅದನ್ನು ತೆಗೆದುಕೊಂಡು, ತಾಯಿಯ ಕಡೆ ನೋಡದೆ, ಅತ್ತಿಗೆಯ ಕೈಗಿಟ್ಟಳು.

ಎಡಗೆನ್ನೆಯ ಬಂಗು ಎರಡು ವರ್ಷಕ್ಕೆ ಮಾಸಿತು. ಬಲಗೆನ್ನೆಯದು ಕೊನೆಯವರೆಗೂ ಉಳಿಯಿತು. ಆ ಮನೆಯ ಮುಂದಿನ ಮೂರು ಮದುವೆಗಳಲ್ಲೂ ನೂಲಿನ ಮೊದಲ ಸುತ್ತು ಸುಂದ್ರವ್ವನದೇ ಆಗಿತ್ತು.